20 ಲೀಟರಿನ ಉಕ್ಕಿನ ಪೆಟ್ರೋಲ್ ಕ್ಯಾನ್: ಒಂದು ಮಳೆಗಾಲದ ಬಳಕೆಯ ನಂತರ

ಅಡಕೆಗೆ ಮದ್ದು ಬಿಡುವ ಪಂಪಿಗೂ ಹುಲ್ಲು ಕತ್ತರಿಸುವ ಯಂತ್ರಕ್ಕೂ ಬೇಕಾದ ಪೆಟ್ರೋಲನ್ನು ನಮ್ಮ ಮನೆಯಲ್ಲಿ ಹಲವು ವರ್ಷ ಅಡುಗೆ ಎಣ್ಣೆಯ ಖಾಲಿ ಪ್ಲಾಸ್ಟಿಕ್ ಕ್ಯಾನಿನಲ್ಲಿ ತುಂಬಿ ಬಚ್ಚಲುಕೊಟ್ಟಿಗೆಯ ಮೂಲೆಯಲ್ಲಿ ಇಡುತ್ತಿದ್ದೆವು. ನೀರು ಕಾಯಿಸುವ ಒಲೆ ಅಲ್ಲಿಂದ ನಾಲ್ಕು ಹೆಜ್ಜೆ ದೂರವೂ ಇರಲಿಲ್ಲ. ಕಳೆದ ಏಪ್ರಿಲಿನ ಒಂದು ಮಧ್ಯಾಹ್ನ ಆ ಕ್ಯಾನ್ ಹೊಟ್ಟೆ ಉಬ್ಬಿಸಿಕೊಂಡು ನಿಂತಿತ್ತು. ಮುಚ್ಚಳ ಸಡಿಲಿಸಿದಾಗ ಬುಸ್ಸೆಂದು ಹೊರಬಿದ್ದ ಆವಿಯ ವಾಸನೆ ಒಲೆಯ ಬಾಯಿಯವರೆಗೂ ಹರಡಿತು. ಒಲೆಯಲ್ಲಿ ಕೆಂಡ ಇರಲಿಲ್ಲ ಎಂಬುದಷ್ಟೇ ನಮ್ಮ ಪುಣ್ಯ. ಆ ವಾರವೇ ಬದಿಯಡ್ಕದ ಕಡೆಯ ಅಂಗಡಿಯೊಂದರಿಂದ 20 ಲೀಟರಿನ ಉಕ್ಕಿನ ಕ್ಯಾನ್ ತಂದೆ.

ಕ್ಯಾನಿನ ಮೈಕಟ್ಟಿನ ಬಗ್ಗೆ ದೂರಿಲ್ಲ. ತಗಡು ದಪ್ಪವಾಗಿದೆ, ಬೆಸುಗೆ ಅಚ್ಚುಕಟ್ಟಾಗಿದೆ. ತಳದ ಅಂಚಿನಲ್ಲಿ ಬಣ್ಣ ಎದ್ದು ತುಕ್ಕು ಕಾಣಿಸಿಕೊಂಡದ್ದು ನಾನು ಮಳೆಗಾಲವಿಡೀ ಅದನ್ನು ಹಸಿ ನೆಲದ ಮೇಲೆಯೇ ಇಟ್ಟಿದ್ದರಿಂದ. ಈಗ ಕೆಳಗೆ ಹಲಗೆ ಹಾಕಿದ್ದೇನೆ. 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ ಮಾರಾಟಕ್ಕಲ್ಲದ ಪೆಟ್ರೋಲನ್ನು ಪರವಾನಗಿಯಿಲ್ಲದೆ 30 ಲೀಟರಿನವರೆಗೆ ಇಟ್ಟುಕೊಳ್ಳಬಹುದು. ಲೋಹದ ಪಾತ್ರೆಯಾದರೆ ಅದು 25 ಲೀಟರಿಗಿಂತ ದೊಡ್ಡದಿರಬಾರದು. ಆ ಲೆಕ್ಕಕ್ಕೂ ಈ ಕ್ಯಾನ್ ಸರಿಯಾಗಿ ಹೊಂದುತ್ತದೆ.

ನಿಜವಾದ ದೋಷ ಇರುವುದು ಮುಚ್ಚಳದೊಳಗಿನ ವಾಷರಿನಲ್ಲಿ. ಎರಡನೆಯ ಸಲ ಮದ್ದು ಬಿಡುವ ಹೊತ್ತಿಗೆ, ಅಂದರೆ ಮೂರು ತಿಂಗಳೊಳಗೆ, ಅದು ಉಬ್ಬಿ ಮೆತ್ತಗಾಗಿ, ಉಗುರಿನಿಂದ ಒತ್ತಿದರೆ ಗುರುತು ಉಳಿಯುವಂತಾಗಿತ್ತು; ಕ್ಯಾನನ್ನು ಓರೆ ಮಾಡಿದಾಗ ಮುಚ್ಚಳದ ಸುತ್ತ ಪೆಟ್ರೋಲ್ ಜಿನುಗುತ್ತಿತ್ತು. ಸಾಮಾನ್ಯ ರಬ್ಬರು ಪೆಟ್ರೋಲಿಗೆ ತಡೆಯುವುದಿಲ್ಲ. ಅಂಗಡಿಯವರು ಬದಲಿ ವಾಷರ್ ಇಲ್ಲವೆಂದು ಕೈಚೆಲ್ಲಿದರು. ಕೊನೆಗೆ ಪಂಪ್ ರಿಪೇರಿಯವರಲ್ಲಿ ಸಿಕ್ಕಿದ ನೈಟ್ರೈಲ್ ರಬ್ಬರಿನ ವಾಷರ್ ಇಂದಿಗೂ ಗಟ್ಟಿಯಾಗಿಯೇ ಇದೆ. ಇಷ್ಟು ಬೆಲೆಯ ಕ್ಯಾನಿಗೆ ಮೊದಲೇ ಅದನ್ನು ಹಾಕಿ ಕೊಡಬಾರದಿತ್ತೇ?

ಕ್ಯಾನ್ ಎಷ್ಟೇ ಚೆನ್ನಾಗಿದ್ದರೂ ಅದನ್ನು ಇಡುವ ಜಾಗ ಕೆಟ್ಟದಾಗಿದ್ದರೆ ಪ್ರಯೋಜನವಿಲ್ಲ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ಮೇಲೇರಿ ಹೋಗದೆ ನೆಲದ ಮೇಲೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಆದ್ದರಿಂದ ಒಲೆಯಿಂದ ದೂರವಿರುವ ಸಾಮಾನಿನ ಶೆಡ್ಡಿನಲ್ಲಿ ಗೋಡೆಯ ಬುಡಕ್ಕೇ ಎರಡು ಗಾಳಿಕಿಂಡಿ ತೆಗೆಸಿದೆ. ಬಿಸಿಲಿಗೆ ಪೆಟ್ರೋಲ್ ಹಿಗ್ಗುವುದರಿಂದ 18 ಲೀಟರಿಗಿಂತ ಹೆಚ್ಚು ತುಂಬುವುದಿಲ್ಲ. ಬಂಕಿನಲ್ಲಿ ತುಂಬಿಸುವಾಗ ಕ್ಯಾನನ್ನು ಜೀಪಿನಿಂದ ಇಳಿಸಿ ನೆಲದ ಮೇಲಿಡುತ್ತೇನೆ, ಏಕೆಂದರೆ ಗಾಡಿಯೊಳಗಿನ ರಬ್ಬರ್ ಹಾಸಿನ ಮೇಲಿದ್ದರೆ ಸ್ಥಿರ ವಿದ್ಯುತ್ತು ನೆಲಕ್ಕಿಳಿಯದೆ ಕಿಡಿ ಹಾರುವ ಭಯವಿದೆ.

ಸುರಿಯುವ ಕೊಳವೆಗೆ ಗಾಳಿದಾರಿ ಇಲ್ಲದ ಕಾರಣ ಪೆಟ್ರೋಲ್ ಗುಳುಗುಳು ಎಂದು ಎಗರಿ ಚೆಲ್ಲುತ್ತದೆ. ನಾನು ಆಲಿಕೆ ಬಳಸುತ್ತೇನೆ. ತುಂಬಿದ ಕ್ಯಾನ್ ಸುಮಾರು 17 ಕಿಲೋ ತೂಗುವುದರಿಂದ ಅದನ್ನು ಹೊತ್ತು ಕೆಳಗಿನ ತೋಟಕ್ಕೆ ಮೆಟ್ಟಿಲಿಳಿಯುವುದು ಅರುವತ್ತು ದಾಟಿದವರಿಗೆ ಸುಲಭವಲ್ಲ. ಇನ್ನೊಮ್ಮೆ ಕೊಳ್ಳುವುದಾದರೆ ಇದೇ ಮಾದರಿಯ 10 ಲೀಟರಿನ ಎರಡು ಕ್ಯಾನ್ ಕೊಳ್ಳುವೆ, ವಾಷರನ್ನು ಅಂಗಡಿಯಲ್ಲೇ ತೆಗೆಸಿ ನೋಡಿ.