ಮಾತುಕತೆಗೆ ಕೂರಬೇಕಾ? ಗ್ರೀಸ್ ಮತ್ತು ಪೋರ್ಚುಗಲ್ ಕಂಡದ್ದು

ಖರ್ಚು ಕಡಿತದ ಕಾಲದಲ್ಲಿ ಸರ್ಕಾರ ಮಾತುಕತೆಗೆ ಕರೆದರೆ ಕಾರ್ಮಿಕ ಸಂಘ ಹೋಗಬೇಕಾ, ಬೇಡವಾ? ಇದನ್ನು ತೀರ್ಮಾನಿಸಬೇಕಾದವರು 2012ರ ಗ್ರೀಸ್ ಮತ್ತು ಪೋರ್ಚುಗಲ್ ಕಡೆ ನೋಡಬೇಕು. ಎರಡೂ ದೇಶಗಳು ಐಎಂಎಫ್ ಮತ್ತು ಯುರೋಪಿನ ಸಾಲದ ಷರತ್ತಿಗೆ ಸಿಕ್ಕಿದ್ದವು.

ಗ್ರೀಸಿನಲ್ಲಿ ಕನಿಷ್ಠ ವೇತನವನ್ನು ಸಂಘಗಳು ಮತ್ತು ಮಾಲೀಕರು ಒಟ್ಟಿಗೆ ಕೂತು ನಿಗದಿ ಮಾಡುತ್ತಿದ್ದರು. ಅದನ್ನು ಮುಟ್ಟಬೇಡಿ ಎಂದು ಇಬ್ಬರೂ ಸೇರಿ ಪ್ರಧಾನಿಗೆ ಪತ್ರ ಬರೆದರು. ಸರ್ಕಾರ ಕೇಳಲಿಲ್ಲ. ತಿಂಗಳಿಗೆ 751 ಯುರೋ ಇದ್ದದ್ದು 586ಕ್ಕೆ ಇಳಿಯಿತು. 25 ವರ್ಷದೊಳಗಿನವರಿಗೆ ಇನ್ನೂ ಕಡಿಮೆ, 511. ಸಂಬಳ ಕೊಡುವವರೇ ಬೇಡ ಅಂದಿದ್ದರಲ್ವಾ? ಇದು ಶುದ್ಧ ಅನ್ಯಾಯ.

ಪೋರ್ಚುಗಲ್‌ನಲ್ಲಿ ಸರ್ಕಾರ, ಮಾಲೀಕರು, ಯುಜಿಟಿ ಸಂಘ ಮೂವರೂ ಒಪ್ಪಂದಕ್ಕೆ ಸಹಿ ಹಾಕಿದರು. ದೊಡ್ಡ ಸಂಘ ಸಿಜಿಟಿಪಿ ಹಾಕಲಿಲ್ಲ. ನಾಲ್ಕು ಸಾರ್ವಜನಿಕ ರಜೆ ಹೋದವು, ಕೆಲಸದಿಂದ ತೆಗೆಯುವಾಗ ಕೊಡುವ ಪರಿಹಾರವೂ ಕಡಿಮೆಯಾಯಿತು. ಆದರೆ ಕನಿಷ್ಠ ವೇತನ 485 ಯುರೋದಲ್ಲೇ ನಿಂತಿತು. 2014ರಲ್ಲಿ ಇನ್ನೊಂದು ಒಪ್ಪಂದವಾಗಿ 505ಕ್ಕೆ ಏರಿತು.

ನನ್ನ ಆಯ್ಕೆ ಮಾತುಕತೆಯೇ. ಆದರೆ ಬೀದಿಯನ್ನೂ ಬಿಡಬಾರದು. 2012ರ ಸೆಪ್ಟೆಂಬರಿನಲ್ಲಿ ಸಾಮಾಜಿಕ ಭದ್ರತೆಗೆ ನೌಕರರ ಪಾಲನ್ನು ಶೇ 11ರಿಂದ 18ಕ್ಕೆ ಏರಿಸಲು ಪೋರ್ಚುಗಲ್ ಸರ್ಕಾರ ಹೊರಟಾಗ, ಜನ ಬೀದಿಗಿಳಿದ ಮೇಲೆಯೇ ಅದನ್ನು ಕೈಬಿಟ್ಟಿತು.