ಎಲೆ ಕತ್ತರಿಸುವ ಇರುವೆ ಅಂತ 4,800 ರೂಪಾಯಿ ಕಿತ್ತುಕೊಂಡ, ಕೋಲಾರ ಕಡೆಯವರು ಹುಷಾರು

ಮೊದಲು ವಿಷಯ ಹೇಳಿಬಿಡ್ತೀನಿ. "ಲೀಫ್‌ಕಟರ್ ಇರುವೆ ಕಾಲೊನಿ, ರಾಣಿ ಮತ್ತು ಫಂಗಸ್ ಸಮೇತ, ಕೋಲಾರ, ಚಿಕ್ಕಬಳ್ಳಾಪುರಕ್ಕೆ ಬಸ್ ಪಾರ್ಸೆಲ್" ಅಂತ ವಾಟ್ಸಾಪ್ ಗುಂಪುಗಳಲ್ಲಿ ಒಂದು ವಿಡಿಯೋ ಓಡಾಡ್ತಿದೆ. ದಯವಿಟ್ಟು ದುಡ್ಡು ಹಾಕಬೇಡಿ. ನನ್ನ 4,800 ರೂಪಾಯಿ ಹೋಯ್ತು. ಬಂದಿದ್ದು ನಮ್ಮ ರಾಗಿ ಹೊಲದ ಬದುವಿನಲ್ಲಿ ಓಡಾಡೋ ಇರುವೆ, ಜೊತೆಗೆ ಅಣಬೆ ಬೀಜದ ಒಂದು ಉಂಡೆ. ಹೌದು, ಅಣಬೆ ಬೆಳೆಯೋರು ಪ್ಯಾಕೆಟ್‌ನಲ್ಲಿ ತರ್ತಾರಲ್ಲ, ಅದೇ ಅಣಬೆ ಬೀಜ.

ಇರುವೆ ಸಾಕೋರಿಗೆ ಈ ವ್ಯವಹಾರ ಹೇಗಿರುತ್ತೆ ಅಂತ ಗೊತ್ತೇ ಇದೆ. ಗೊದ್ದದ ರಾಣಿ ಕೊಂಡರೆ ಟೆಸ್ಟ್ ಟ್ಯೂಬಲ್ಲಿ ಬರುತ್ತೆ. ತಳದಲ್ಲಿ ನೀರು, ಹತ್ತಿ, ಈಚೆ ರಾಣಿ, ಪಕ್ಕದಲ್ಲಿ ಮೊಟ್ಟೆ, ಎಲ್ಲಾ ಗಾಜಿನಲ್ಲೇ ಕಾಣುತ್ತೆ. ಎಲೆ ಕತ್ತರಿಸುವ ಇರುವೆಯಲ್ಲಿ ಹಾಗಾಗಲ್ಲ. ಅದು ಎಲೆ ಚೂರಿನ ಮೇಲೆ ತನ್ನ ಆಹಾರಕ್ಕೆ ಫಂಗಸ್ ಬೆಳೆಸುತ್ತೆ, ರಾಣಿ ಆ ಫಂಗಸ್ ತೋಟದೊಳಗೆ ಹುದುಗಿ ಕೂತಿರುತ್ತೆ, ಹೊರಗೆ ಮುಖ ತೋರಿಸೋದೇ ಅಪರೂಪ. ಇದು ನಿಜ. ಈ ನಿಜವನ್ನೇ ಇಟ್ಟುಕೊಂಡು ಆ ವಿಡಿಯೋ ಹಾಕಿ ಮಾರೋನು ಮೋಸ ಮಾಡ್ತಿದ್ದಾನೆ. ಅವನು ಹೇಳಿದ ಒಂದೊಂದು ಮಾತೂ ಹಾಗೇ, ಅರ್ಧ ನಿಜ. ಅದಕ್ಕೇ ಇಷ್ಟು ಉದ್ದ ಬರೀತಿದ್ದೀನಿ.

ಈ ಇರುವೆ ಅಮೆರಿಕ ಖಂಡಗಳದ್ದು. ಟೆಕ್ಸಾಸ್, ಲೂಸಿಯಾನದಿಂದ ಹಿಡಿದು ಅರ್ಜೆಂಟೀನಾವರೆಗೆ ಇದೆ, ನಮ್ಮ ದೇಶದ ಯಾವ ಕಾಡಲ್ಲೂ ಇಲ್ಲ. ಹೊರದೇಶದಿಂದ ಜೀವಂತ ಕೀಟ ತರಿಸೋಕೆ 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಕೇಂದ್ರದ ಅನುಮತಿ ಬೇಕು. ಇದನ್ನ ಅವನ ಹತ್ರ ಮೊದಲೇ ಕೇಳಿದೆ. "ರಿಸರ್ಚ್ ಲ್ಯಾಬ್ ಸ್ಟಾಕ್ ಸರ್, ಪರ್ಮಿಟ್ ಕಾಪಿ ಬಾಕ್ಸ್ ಒಳಗೇ ಇಟ್ಟಿರ್ತೀನಿ" ಅಂದ. ಬಾಕ್ಸ್ ಬಂತು. ಒಳಗೆ ಪರ್ಮಿಟ್ ಇರಲಿಲ್ಲ, "ಫಂಗಸ್ ಉಂಡೆ ಹತ್ತು ದಿನ ತೆರೆಯಬೇಡಿ" ಅಂತ ಒಂದು ಚೀಟಿ ಇತ್ತು. ಕೇಳಿದ್ದಕ್ಕೆ "ಮರೆತೋಯ್ತು ಸರ್, ಪಿಡಿಎಫ್ ಕಳಿಸ್ತೀನಿ." ಆ ಪಿಡಿಎಫ್ ಇವತ್ತಿಗೂ ಬಂದಿಲ್ಲ.

ಗೂಡು ತಯಾರಾಗಿತ್ತು. ಪೈಪಿನಿಂದ ಜೋಡಿಸಿದ ಮೂರು ಪೆಟ್ಟಿಗೆ: ಒಂದು ಲೀಟರಿನ ಫಂಗಸ್ ಪೆಟ್ಟಿಗೆ, ಎಲೆ ಹಾಕೋ ಪೆಟ್ಟಿಗೆ, ಕಸದ ಪೆಟ್ಟಿಗೆ. ಫಂಗಸ್ ಪೆಟ್ಟಿಗೆಯ ತಳಕ್ಕೆ ಪ್ಲಾಸ್ಟರ್ ಆಫ್ ಪ್ಯಾರಿಸ್, ಅದಕ್ಕೆ ನೀರು ಕುಡಿಸಿ ತೇವ ಶೇಕಡಾ 90ರ ಮೇಲೆ, ಶಾಖ 24ರಿಂದ 26 ಡಿಗ್ರಿ. ಇರುವೆ ಮೇಲೇರಿ ಆಚೆ ಬರದ ಹಾಗೆ ಅಂಚಿಗೆ ಪ್ಯಾರಾಫಿನ್ ಎಣ್ಣೆ. ಔಷಧಿ ಹೊಡೆಯದ ಮನೆ ಗಿಡದ ಗುಲಾಬಿ ಎಲೆ ಹಾಕಿದ್ದೆ. ಒಂದು ಇರುವೆಯೂ ಎಲೆ ಕತ್ತರಿಸಲಿಲ್ಲ. ಒಂದೂ ಇಲ್ಲ.

ಅವನ ಉತ್ತರ ನೋಡಿ. "ಪ್ರಯಾಣದ ಸ್ಟ್ರೆಸ್ ಸರ್, ಕತ್ತಲಲ್ಲಿಡಿ." ಜಾಗ ಬದಲಾದ ಕಾಲೊನಿ ಕೆಲವು ದಿನ ಎಲೆ ಮುಟ್ಟದೇ ಇರಬಹುದು, ನಿಜ. ಆಮೇಲೆ, "ನಿಮ್ಮ ಕಡೆ ಗುಲಾಬಿಗೆ ಔಷಧಿ ಜಾಸ್ತಿ ಸರ್, ಅದಕ್ಕೇ ಬೇಡ ಅಂತಿವೆ." ಇದೂ ನಿಜದ ಹಾಗೇ ಕೇಳಿಸುತ್ತೆ. ಶಿಲೀಂಧ್ರನಾಶಕ ತಗುಲಿದ ಎಲೆಯಿಂದ ಫಂಗಸ್‌ಗೆ ಏಟು ಬಿದ್ದರೆ ಇರುವೆಗಳು ಆ ಜಾತಿಯ ಎಲೆಯನ್ನೇ ವಾರಗಟ್ಟಲೆ ದೂರ ಇಡ್ತವೆ. ಮನೆ ಗಿಡ ಅಂತ ಹೇಳಿದರೂ ಕೇಳಲಿಲ್ಲ. "ರಾಣಿ ತೋರಿಸಿ" ಅಂದಾಗ ಮಾತ್ರ ಗದರಿದ: "ಫಂಗಸ್ ಒಡೆದ್ರೆ ಕಾಲೊನಿ ಸಾಯುತ್ತೆ, ಆಮೇಲೆ ನಾನು ಜವಾಬ್ದಾರನಲ್ಲ."

ಎಲೆಯ ಪಕ್ಕ ಒಂದು ಸತ್ತ ಜಿರಳೆ, ನಾಲ್ಕು ರಾಗಿ ಕಾಳು ಇಟ್ಟೆ. ನೋಡನೋಡ್ತಿದ್ದ ಹಾಗೇ ಮುತ್ತಿಕೊಂಡು ಜಿರಳೆಯನ್ನ ತುಂಡು ಮಾಡಿ ಎಳೆದುಕೊಂಡು ಹೋದವು. ಎಲೆ ಕತ್ತರಿಸುವ ಇರುವೆ ಬೇಟೆಯಾಡಲ್ಲ, ಅದರ ಆಹಾರ ಫಂಗಸ್ ಮತ್ತು ಎಲೆಯ ರಸ. ಆಗ ಬಿಳಿ ಉಂಡೆಯನ್ನ ಚಿಮಟದಿಂದ ಬಿಡಿಸಿದೆ. ಹತ್ತಿಯಂಥ ಬಿಳಿ ಪದರ, ಅಣಬೆ ವಾಸನೆ. ಒಳಗೆ ಜೋಳ. ಕಾಳು ಕಾಳು ಜೋಳ, ಒಂದಕ್ಕೊಂದು ಬಿಳಿ ಎಳೆಯಲ್ಲಿ ಅಂಟಿಕೊಂಡಿದ್ದವು. ಅಂಚಿನ ಕಾಳುಗಳನ್ನ ಇರುವೆ ಕೊರೆದು ತಿಂದಿದ್ದವು. ವಿಡಿಯೋದಲ್ಲಿ "ಫಂಗಸ್ ಮೇಲೆ ಕೆಲಸ ಮಾಡ್ತಿರೋ ಇರುವೆ" ಅಂದರೆ ಇದೇ, ಜೋಳ ತಿನ್ನೋಕೆ ಬಂದವು! ರಾಣಿ ಇಲ್ಲ, ಮರಿ ಇಲ್ಲ, ಏನೂ ಇಲ್ಲ. ನೆಂಟರ ಮಕ್ಕಳನ್ನ ಕೂರಿಸಿಕೊಂಡು "ನೋಡ್ರೋ, ಇವು ವ್ಯವಸಾಯ ಮಾಡೋ ಇರುವೆ" ಅಂತ ತೋರಿಸಿದ್ದೆ. ಎಂಥ ಅವಮಾನ.

ಫೋಟೋ ಕಳಿಸಿದ್ದಕ್ಕೆ "ಅದು ಸ್ಟಾರ್ಟರ್ ಫಂಗಸ್ ಸರ್, ಎಲ್ಲರಿಗೂ ಹಾಗೇ ಕೊಡೋದು" ಅಂದ. ಸ್ಟಾರ್ಟರ್ ಅಂತೆ! ಈ ಇರುವೆಯ ಫಂಗಸ್ ಬೇರೆಯದೇ, ಹೊಸ ರಾಣಿ ಹಾರುವಾಗ ತಾಯಿ ಗೂಡಿನ ಚೂರನ್ನ ಬಾಯೊಳಗಿನ ಚೀಲದಲ್ಲಿಟ್ಟುಕೊಂಡು ಹೋಗುತ್ತೆ. ಅಣಬೆ ಬೀಜದಿಂದ ಶುರುವಾಗೋದಲ್ಲ ಅದು. ಇದನ್ನ ಬರೆದು ಕಳಿಸಿದೆ. "ಹತ್ತು ದಿನ ಆಯ್ತಲ್ಲ ಸರ್, ಲೈವ್ ಐಟಂಗೆ ರಿಟರ್ನ್ ಇಲ್ಲ." ಹತ್ತು ದಿನ ತೆರೆಯಬೇಡಿ ಅಂದವನೂ ಇವನೇ! ಅದಾದ ಮೇಲೆ ಬ್ಲಾಕ್.

ಇರುವೆ ಯಾವುದು ಅಂತ ಲೆನ್ಸ್ ಹಾಕಿ ನೋಡಿದೆ. ಕ್ಯಾರೆಬಾರ ಅನ್ನೋ ಕುಲದ್ದು. ಚಿಕ್ಕವು ಎರಡು-ಮೂರು ಮಿಲಿಮೀಟರ್, ದೊಡ್ಡ ತಲೆಯವು ಒಂದು ಸೆಂಟಿಮೀಟರ್ ಹತ್ತಿರ. ಈ ಗಾತ್ರದ ವ್ಯತ್ಯಾಸ ಎಲೆ ಕತ್ತರಿಸುವ ಇರುವೆಯಲ್ಲೂ ಇರೋದರಿಂದ ದೂರದ ವಿಡಿಯೋದಲ್ಲಿ ಒಂದೇ ಥರ ಕಾಣುತ್ತೆ. ಅದಕ್ಕೇ ಇದನ್ನೇ ಆರಿಸಿದ್ದಾನೆ. ಬೆನ್ನು ನೋಡಿ. ಎಲೆ ಕತ್ತರಿಸುವ ಅಟ್ಟಾ ಕುಲದ ಇರುವೆಗೆ ಬೆನ್ನ ಮೇಲೆ ಮೂರು ಜೊತೆ ಮುಳ್ಳು, ಮೈ ಹೊಳಪಿಲ್ಲದ ಕಂದು. ಇವಕ್ಕೆ ಹಿಂದುಗಡೆ ಒಂದು ಜೊತೆ ಸಣ್ಣ ಮೊನೆ ಅಷ್ಟೇ. ಬೆನ್ನಿನ ಹತ್ತಿರದ ಫೋಟೋ ಕೇಳಿ, ಕೊಡಲ್ಲ ಅಂದರೆ ಅಲ್ಲಿಗೇ ಬಿಡಿ.

ಫಂಗಸ್ ಕೂಡ ಗುರುತು ಹಿಡಿಯೋದು ಸುಲಭ. ನಿಜವಾದ ತೋಟ ಬೂದು-ಬಿಳಿ, ಸ್ಪಂಜಿನ ಹಾಗೆ ತೂತು ತೂತು. ಮೇಲೆ ಈಗಷ್ಟೇ ಅಂಟಿಸಿದ ಹಸಿರು-ಕಪ್ಪು ಎಲೆ ಚೂರು, ಕೆಳಗೆ ಹಳದಿ-ಕಂದು ಹಳೇ ಭಾಗ. ದಿನಾ ಕಸ ಹೊರಗೆ ಬೀಳುತ್ತೆ. ಇರುವೆ ಇಲ್ಲದೆ ಬಿಟ್ಟರೆ ಕೆಲವೇ ದಿನದಲ್ಲಿ ಬೇರೆ ಬೂಷ್ಟು ಹತ್ತಿ ಹಾಳಾಗುತ್ತೆ. ನನಗೆ ಬಂದ ಉಂಡೆಯನ್ನ ಬೇರೆ ಡಬ್ಬಿಯಲ್ಲಿ ಹಸಿಯಾಗಿಟ್ಟೆ, ಬೂಷ್ಟು ಬರಲಿಲ್ಲ, ಪಕ್ಕದಲ್ಲಿ ಚಿಪ್ಪು ಅಣಬೆಯ ಮೊಳಕೆ ಎದ್ದಿದೆ.

ಕೆಲವರು "ನಿಜವಾದದ್ದೇ ಕೊಡಿಸ್ತೀನಿ" ಅಂತಲೂ ಬರ್ತಾರೆ. ಅದಂತೂ ಬೇಡವೇ ಬೇಡ. ಅಮೆರಿಕದ ಕಡೆ ಇವು ಕಿತ್ತಳೆ ಮರವನ್ನ ಒಂದು ರಾತ್ರಿಯಲ್ಲಿ ಬೋಳು ಮಾಡ್ತವೆ. ಮುಚ್ಚಳ ಸಡಿಲಾಗಿ ರಾಣಿ ಸಮೇತ ಒಂದು ಕಾಲೊನಿ ಆಚೆ ಹೋದರೆ ಶ್ರೀನಿವಾಸಪುರದ ಮಾವು, ಚಿಕ್ಕಬಳ್ಳಾಪುರದ ದ್ರಾಕ್ಷಿ, ಗುಲಾಬಿ, ನಮ್ಮ ಹಿಪ್ಪುನೇರಳೆ, ಯಾರು ಜವಾಬ್ದಾರಿ?

ಮೋಸ ಹೋಗಿದ್ದರೆ ಚಾಟ್ ಅಳಿಸಬೇಡಿ. ಯುಪಿಐ ವ್ಯವಹಾರದ ಸಂಖ್ಯೆ, ಬಸ್ ಪಾರ್ಸೆಲ್ ರಸೀದಿ, ಬಾಕ್ಸ್ ತೆರೆಯೋ ವಿಡಿಯೋ ಇಟ್ಟುಕೊಂಡು ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಗ್ರಾಹಕ ಸಹಾಯವಾಣಿ 1915ಕ್ಕೂ ದೂರು ಕೊಡಿ. ನಾನು ಎರಡೂ ಕಡೆ ಕೊಟ್ಟಿದ್ದೀನಿ. ಅವನು ಈಗ ಬೇರೆ ನಂಬರಿನಿಂದ ಅದೇ ವಿಡಿಯೋ ಹಾಕ್ತಿದ್ದಾನೆ, ಬೆಲೆ 5,500 ಮಾಡಿದ್ದಾನೆ. ಹಿಂದೆ ನೀಲಿ ಬಕೆಟ್ ಕಾಣುತ್ತೆ, ಉಂಡೆಯ ಎಡಗಡೆ ಒಂದು ಜೋಳದ ಕಾಳು ಹೊರಗೆ ಇಣುಕಿದೆ. ವಿಡಿಯೋ ನಿಲ್ಲಿಸಿ ದೊಡ್ಡದು ಮಾಡಿ ನೋಡಿ.