ಫಾಲ್ಕನ್ನಾ, ಕಮಡೋರಾ? ದಾರಿಯಲ್ಲಿ ನಿಂತರೂ ನನ್ನ ಓಟು ಫಾಲ್ಕನ್ನಿಗೇ

ಮೊದಲೇ ಹೇಳಿಬಿಡುತ್ತೇನೆ, ನಾನು ಫಾಲ್ಕನ್ ಪಕ್ಷ. ಫಾಲ್ಕನ್ ಫೋರ್ಡ್ ಕಂಪನಿಯ ಕಾರು, ಕಮಡೋರ್ ಹೋಲ್ಡನ್ ಕಂಪನಿಯದು. ಆಸ್ಟ್ರೇಲಿಯಾದಲ್ಲಿ ಇದು ಮನೆತನದ ವಿಷಯವಾಗಿತ್ತು. ಅಪ್ಪ ಹೋಲ್ಡನ್ ಓಡಿಸಿದ್ದರೆ ಮಕ್ಕಳೂ ಹೋಲ್ಡನ್, ಫೋರ್ಡ್ ಓಡಿಸಿದ್ದರೆ ಫೋರ್ಡ್. ಅಕ್ಟೋಬರಿನಲ್ಲಿ ಬ್ಯಾಥರ್ಸ್ಟ್ ಕಾರ್ ರೇಸ್ ಬಂತೆಂದರೆ ಆಫೀಸಿನಲ್ಲೂ ಎರಡು ಗುಂಪಾಗುತ್ತಿತ್ತು. ನಮ್ಮಪ್ಪ ಓಡಿಸಿದ್ದು ಬಜಾಜ್ ಸ್ಕೂಟರ್, ಹಾಗಾಗಿ ನನಗೆ ಪಕ್ಷ ಹುಡುಕಿಕೊಟ್ಟಿದ್ದು ಟ್ಯಾಕ್ಸಿ. ಮೆಲ್ಬರ್ನಿಗೆ ಓದಲು ಬಂದವನು 2008ರಲ್ಲಿ ರಾತ್ರಿ ಪಾಳಿ ಓಡಿಸಿದೆ. ಆಗಿನ ಹಳದಿ ಟ್ಯಾಕ್ಸಿಗಳಲ್ಲಿ ಎಲ್ಲಿ ನೋಡಿದರೂ ಫಾಲ್ಕನ್. ನನ್ನ ಕೈಗೆ ಬಂದದ್ದು ಆಗಲೇ 5 ಲಕ್ಷ ಕಿಲೋಮೀಟರ್ ದಾಟಿತ್ತು. ಸೀಟು ಕುಸಿದಿತ್ತು, ಇಂಜಿನ್ ಮಾತ್ರ ಕೆಮ್ಮಲಿಲ್ಲ.

ಆಮೇಲೆ ಮದುವೆಯಾಗಿ, ಮೆಲ್ಬರ್ನಿನ ಹೊರವಲಯದ ಟಾರ್ನೀಟಿನಲ್ಲಿ ಮನೆ ಮಾಡಿದ ಮೇಲೆ ಎರಡು ಸೆಕೆಂಡ್‌ಹ್ಯಾಂಡ್ ಗಾಡಿ ಬಂದವು. 2012ರಲ್ಲಿ ಹೆಂಡತಿಗೆ ವಿಇ ಎಂಬ ಮಾದರಿಯ ಕಮಡೋರ್. ಮರುವರ್ಷ ನನಗೆ 2006ರ ಬಿಎಫ್ ಫಾಲ್ಕನ್, ಎಲ್‌ಪಿಜಿ ಗ್ಯಾಸಿನಲ್ಲಿ ಓಡುವ ಇ-ಗ್ಯಾಸ್ ಮಾದರಿ. ನಾಲ್ಕು ವರ್ಷ ಎರಡೂ ಒಂದೇ ಅಂಗಳದಲ್ಲಿ ನಿಂತಿದ್ದವು.

ಎರಡಕ್ಕೂ ಈ ನೆಲದ ರಸ್ತೆ ಚೆನ್ನಾಗಿಯೇ ಪೆಟ್ಟು ಕೊಟ್ಟಿದೆ. ಫಾಲ್ಕನ್ 1960ರಲ್ಲಿ ಬಂದಾಗ ಅದು ಅಮೆರಿಕದ ಗಾಡಿಯೇ. ಇಲ್ಲಿನ ಮಣ್ಣುರಸ್ತೆಗೆ ಮುಂದಿನ ಸಸ್ಪೆನ್ಷನ್ ತಾಳಲಿಲ್ಲ, ಹೆಸರು ಕೆಟ್ಟಿತು. ಆ ಹೆಸರು ತೊಳೆಯಲು 1965ರಲ್ಲಿ ಯೂ ಯಾಂಗ್ಸ್ ಬೆಟ್ಟದ ಹತ್ತಿರದ ಟ್ರ್ಯಾಕಿನಲ್ಲಿ ಎಕ್ಸ್‌ಪಿ ಮಾದರಿಯ ಐದು ಫಾಲ್ಕನ್‌ಗಳನ್ನು ಹಗಲು ರಾತ್ರಿ ಓಡಿಸಿ, ಒಂಬತ್ತು ದಿನದಲ್ಲಿ ಒಟ್ಟು 70,000 ಮೈಲಿ ಮುಗಿಸಿದರು. ಕೆಲವು ಪಲ್ಟಿ ಹೊಡೆದವು, ರಿಪೇರಿ ಮಾಡಿ ಮತ್ತೆ ಓಡಿಸಿದರು. ಈ ಹಠ ನನಗೆ ಇಷ್ಟ. ಕಮಡೋರ್ 1978ರಲ್ಲಿ ಜರ್ಮನಿಯ ಓಪೆಲ್ ಕಾರಿನ ಮೈಯಿಂದ ಹುಟ್ಟಿತು. ಇಲ್ಲಿ ಪರೀಕ್ಷೆಗೆ ಓಡಿಸಿದಾಗ ಬಾಡಿ ಬಿರುಕು ಬಿಟ್ಟು, ಗಟ್ಟಿ ಮಾಡಬೇಕಾಯಿತು. 2006ರ ವಿಇ ಮಾತ್ರ ಬುಡದಿಂದ ಇಲ್ಲಿಯದೇ. ಅದಕ್ಕೆ 100 ಕೋಟಿ ಡಾಲರಿಗೂ ಜಾಸ್ತಿ ಸುರಿದಿದ್ದರು.

ಆ ದುಡ್ಡು ಓಡಿಸುವಾಗ ಗೊತ್ತಾಗುತ್ತದೆ, ಸುಳ್ಳು ಹೇಳಬಾರದು. ಗ್ರೇಟ್ ಓಷನ್ ರೋಡಿನ ತಿರುವುಗಳಲ್ಲಿ ಕಮಡೋರ್ ರಸ್ತೆಗೆ ಅಂಟಿಕೊಂಡು ಹೋಗುತ್ತಿತ್ತು. ನನ್ನ ಫಾಲ್ಕನ್ ಸ್ವಲ್ಪ ಎಮ್ಮೆಯ ಹಾಗೆ ವಾಲುತ್ತದೆ. ಆದರೆ ವಿಇಯ ಮುಂದಿನ ಗಾಜಿನ ಅಕ್ಕಪಕ್ಕದ ಕಂಬ ದಪ್ಪ. ರೌಂಡಬೌಟಿನಲ್ಲಿ ಕತ್ತು ಮುಂದೆ ಚಾಚಿ ಇಣುಕಬೇಕು.

ಇಂಜಿನ್ ವಿಷಯಕ್ಕೆ ಫಾಲ್ಕನ್ ಗೆದ್ದಿತು, ಅಷ್ಟೆ. ಜೀಲಾಂಗಿನಲ್ಲಿ ತಯಾರಾದ 4 ಲೀಟರಿನ ಬಾರಾ ಇಂಜಿನ್, ಆರೂ ಸಿಲಿಂಡರ್ ಒಂದೇ ಸಾಲಿನಲ್ಲಿ. ಕಾಲಿಟ್ಟ ತಕ್ಷಣ ಎಳೆಯುತ್ತದೆ.

ಈಗ ಗ್ಯಾಸ್ ಕಥೆ. ಬೆಂಗಳೂರಿನ ಆಟೊಗಳಲ್ಲಿ ಗ್ಯಾಸ್ ನೋಡಿದವರಿಗೆ ಇದು ಹೊಸದಲ್ಲ. ಆಗ ಲೀಟರಿಗೆ ಪೆಟ್ರೋಲಿನ ಹೆಚ್ಚುಕಡಿಮೆ ಅರ್ಧ ಬೆಲೆ. ಸ್ವಲ್ಪ ಜಾಸ್ತಿ ಕುಡಿಯುತ್ತದೆ, ಆದರೂ ಲಾಭವೇ. ಟ್ಯಾಕ್ಸಿಯವನ ಲೆಕ್ಕ ಹಾಕಿ ಕೊಂಡೆ. ಒಂದು ವಿಷಯ ಗೊತ್ತಿದ್ದೂ ತಲೆಗೆ ತೆಗೆದುಕೊಳ್ಳಲಿಲ್ಲ: ಇ-ಗ್ಯಾಸ್ ಗಾಡಿ ಗ್ಯಾಸ್ ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ಪೆಟ್ರೋಲ್ ಟ್ಯಾಂಕೇ ಇಲ್ಲ. ಕಮಡೋರಿನಲ್ಲಿ ಎರಡೂ ಹಾಕುವ ಮಾದರಿ ಸಿಗುತ್ತಿತ್ತು, ಅದು ಜಾಣತನ.

ಚಿಕ್ಕಪ್ಪನ ಮಗನ ಗೃಹಪ್ರವೇಶಕ್ಕೆ ಅಡಿಲೇಡಿಗೆ ಹೊರಟಿದ್ದೆವು. ಹಾರ್ಶಮ್ ಊರು ದಾಟುವಾಗ ಗ್ಯಾಸಿನ ಮುಳ್ಳು ಕೆಳಗಿತ್ತು. ಮುಂದೆ ಹಾಕಿಸೋಣ ಎಂದೆ. ಮುಂದಿನ ಊರಿನ ಬಂಕಿನಲ್ಲಿ ಗ್ಯಾಸ್ ಪಂಪಿಗೆ ಚೀಲ ಕಟ್ಟಿದ್ದರು, ಕೆಟ್ಟಿದೆಯಂತೆ. ಅಲ್ಲಿಂದ ಇಪ್ಪತ್ತು ಕಿಲೋಮೀಟರ್ ಹೋಗುವಷ್ಟರಲ್ಲಿ ಗಾಡಿ ಎರಡು ಸಲ ಜಗ್ಗಿ ನಿಂತಿತು. ಸುತ್ತ ಗೋಧಿ ಹೊಲ.

"ರೀ, ಯಾರನ್ನಾದ್ರೂ ಕೇಳಿ ಒಂದು ಕ್ಯಾನ್ ಪೆಟ್ರೋಲ್ ಹಾಕೋಕಾಗಲ್ವಾ?"

"ಇದಕ್ಕೆ ಆಗಲ್ಲ."

"ಮತ್ತೆ ಗ್ಯಾಸು?"

"ಅದನ್ನ ಕ್ಯಾನಲ್ಲಿ ತರೋಕಾಗಲ್ಲ."

ಅವಳು ಆಮೇಲೆ ಮಾತಾಡಲಿಲ್ಲ. ಟೋ ಗಾಡಿ ಬರಲು ಮೂರು ಗಂಟೆ ಹಿಡಿಯಿತು. ಗೃಹಪ್ರವೇಶಕ್ಕೆ ಮಾಡಿಕೊಂಡು ಹೊರಟಿದ್ದ ಕೋಡುಬಳೆಯಲ್ಲಿ ಅರ್ಧ ಅಲ್ಲೇ ಖಾಲಿ.

ಅಷ್ಟಕ್ಕೇ ಮುಗಿಯಲಿಲ್ಲ. ಗ್ಯಾಸ್ ಟ್ಯಾಂಕ್ ಡಿಕ್ಕಿಯಲ್ಲಿ, ಹಿಂದಿನ ಸೀಟಿನ ಬೆನ್ನಿಗೆ ಅಡ್ಡ ಮಲಗಿದೆ. ಇಪ್ಪತ್ತು ಕಿಲೋ ಅಕ್ಕಿ ಚೀಲ ಇಟ್ಟರೆ ಮಗುವಿನ ತಳ್ಳುಗಾಡಿ ಹಿಡಿಯುವುದಿಲ್ಲ. ಮೇಲಾಗಿ ಹತ್ತು ವರ್ಷಕ್ಕೊಮ್ಮೆ ಟ್ಯಾಂಕಿನ ಪರೀಕ್ಷೆ ಆಗಬೇಕು. ನನ್ನದು 2016ರಲ್ಲಿ ಬಂತು. ಫೋನ್ ಮಾಡಿದ ಮೊದಲ ಮೂರು ಗ್ಯಾರೇಜುಗಳು ಗ್ಯಾಸ್ ಕೆಲಸ ಬಿಟ್ಟುಬಿಟ್ಟಿದ್ದವು. ನಾಲ್ಕನೆಯವನು ಒಂದು ವಾರ ಗಾಡಿ ಇಟ್ಟುಕೊಂಡು 380 ಡಾಲರ್ ತೆಗೆದುಕೊಂಡ. ಅದೇ ವಾರ, ಅಕ್ಟೋಬರ್ 7ರಂದು, ಫೋರ್ಡಿನ ಬ್ರಾಡ್‌ಮೆಡೋಸ್ ಕಾರ್ಖಾನೆಯಲ್ಲಿ ಕೊನೆಯ ಫಾಲ್ಕನ್ ತಯಾರಾಯಿತು. ಗ್ಯಾರೇಜಿನ ಟಿವಿಯಲ್ಲಿ ಸುದ್ದಿ ಬರುತ್ತಿತ್ತು. ಮೆಕ್ಯಾನಿಕ್ ಸ್ಪ್ಯಾನರ್ ಕೆಳಗಿಟ್ಟು ನೋಡಿದ. ಮರುವರ್ಷ ಅಕ್ಟೋಬರ್ 20ಕ್ಕೆ ಹೋಲ್ಡನ್ನಿನ ಎಲಿಜಬೆತ್ ಕಾರ್ಖಾನೆಯಲ್ಲಿ ಕಮಡೋರ್ ತಯಾರಿಯೂ ನಿಂತಿತು.

ಇಷ್ಟೆಲ್ಲ ಆದಮೇಲೂ ಫಾಲ್ಕನ್ನಾ ಎಂದು ನೀವು ಕೇಳಬಹುದು. ನನ್ನ ಅಭ್ಯಾಸ ನೋಡಿ. ದಿನಾ ಎಂಬತ್ತು ಕಿಲೋಮೀಟರ್, ಎಲ್ಲ ಫ್ರೀವೇ. ತಿರುವಿನಲ್ಲಿ ಜೋರಾಗಿ ಹೋಗುವ ವಯಸ್ಸು ದಾಟಿದೆ. ಗಾಡಿಗೆ ಕೊಟ್ಟಿದ್ದು 4,500 ಡಾಲರ್, ಕಮಡೋರಿಗೆ ಅದರ ಎರಡರಷ್ಟು ಆಗಿತ್ತು. ಊರೊಳಗೆ ಓಡಿಸುವವರು, ಗ್ಯಾಸ್ ತಂಟೆ ಬೇಡ ಎನ್ನುವವರು ಪೆಟ್ರೋಲ್ ಫಾಲ್ಕನ್ನೇ ತೆಗೆದುಕೊಳ್ಳಿ, ಇಂಜಿನ್ ಅದೇ. ಓಡಿಸುವ ಖುಷಿ ಮುಖ್ಯ ಎಂದರೆ ವಿಇ. ಯಾವ ಕಥೆಯೂ ಬೇಡ ಎಂದರೆ ಮೆಲ್ಬರ್ನಿನ ಆಲ್ಟೋನಾದಲ್ಲಿ ತಯಾರಾದ ಟೊಯೋಟಾ ಕ್ಯಾಮ್ರಿ ಇದೆ, ಅದರ ಬಗ್ಗೆ ಬರೆಯಲು ಏನೂ ಇಲ್ಲ.

ಕಮಡೋರನ್ನು 2017ರಲ್ಲಿ ಮಾರಿ ಹೆಂಡತಿ ಚಿಕ್ಕ ಕಾರು ತೆಗೆದುಕೊಂಡಳು. ದೂರದ ಊರಿಗೆ ಹೋಗುವುದೆಲ್ಲ ಅದರಲ್ಲೇ, ಅದು ಅವಳ ಷರತ್ತು. ಫಾಲ್ಕನ್ ಟ್ಯಾಂಕಿನ ಮುಂದಿನ ಪರೀಕ್ಷೆ 2026ಕ್ಕೆ. ಆ ನಾಲ್ಕನೆಯ ಗ್ಯಾರೇಜಿನವನ ನಂಬರ್ ಮಾತ್ರ ಫೋನಿನಿಂದ ಅಳಿಸಿಲ್ಲ.